ಮಸ್ಕಿ ಮಾಳಿಗೆಯ ಡಕೋಟಾ

"ಇವತ್ತು ಲೇಹ್‌ನ್ಯಾಗ ಇಳದಾ ತೀರ್ತೀನಿ" ಎಂದು ಹೊನ್ನೂರಪ್ಪ ಮೇಷ್ಟ್ರು ಬೆಳಗಿನ ಚಹಾದ ಮುಂದೆ ಘೋಷಿಸಿದರು.

ಇಳಿಯುವುದೆಂದರೆ ಕಂಪ್ಯೂಟರಿನಲ್ಲಿ. ತೊಂಬತ್ತೆಂಟರ ಆ ಬೇಸಿಗೆಯಲ್ಲಿ ಲಿಂಗಸುಗೂರಿನ ಷಡ್ಡಕ ಕೊಟ್ಟ ಹಳೇ ಕಂಪ್ಯೂಟರಿನ ಮುಂದೆ ಕೂತು, ಮಸ್ಕಿಯ ತಮ್ಮ ಮಾಳಿಗೆ ಮನೆಯಿಂದಲೇ ಅವರು ಫ್ಲೈಟ್ ಸಿಮ್ಯುಲೇಟರ್ ಎಂಬ ಆಟದಲ್ಲಿ ವಿಮಾನ ಹಾರಿಸುತ್ತಿದ್ದರು. ಅದೂ ಎಂಥ ವಿಮಾನ? ಡಕೋಟಾ! ಹಿಂದೆ ಹಿಮದ ಬೆಟ್ಟಗಳ ನಡುವೆ ತೂರಿಕೊಂಡು ಸೈನಿಕರಿಗೆ ಅಕ್ಕಿಬೇಳೆ ಮುಟ್ಟಿಸಿದ ಪುಣ್ಯಾತ್ಗಿತ್ತಿ. ಶ್ರೀನಗರದಲ್ಲಿ ಏಳಬೇಕು, ಜೋಜಿಲಾ ಕಣಿವೆ ದಾಟಬೇಕು, ಲೇಹ್‌ನಲ್ಲಿ ಇಳಿಯಬೇಕು. ಏಳುವುದು, ದಾಟುವುದು ಮೇಷ್ಟ್ರಿಗೆ ಒಲಿದಿತ್ತು. ಇಳಿಯುವ ಮೊದಲೇ ಯಾವುದಾದರೊಂದು ಬೆಟ್ಟ ಅಡ್ಡ ಬರುತ್ತಿತ್ತು.

"ಇಳೀರಿ, ಇಳೀರಿ. ಮೊದಲು ಬಾಗಿಲದಾಗಿನ ಅಕ್ಕಿ ಚೀಲ ಒಳಗಿಡ್ರಿ" ಎಂದಳು ಹೆಂಡತಿ ಯಮನೂರಮ್ಮ. ಸಿಂಧನೂರಿನಿಂದ ತಂದ ಚೀಲ ನಿನ್ನೆಯಿಂದ ಮೆಟ್ಟಿಲ ತುದಿಯಲ್ಲೇ ಕೂತಿತ್ತು.

"ಲೇಹ್ ಮುಟ್ಟಿದ ಮ್ಯಾಲ ಇಡ್ತೀನಿ."

ಆತುರಕ್ಕೆ ಕಾರಣವಿತ್ತು. ಮುದಗಲ್ಲಿನಿಂದ ಮಾವ ಗ್ಯಾನಪ್ಪ ಬರುವವರಿದ್ದರು. ಹರೆಯದಲ್ಲಿ ಮಿಲಿಟರಿಯಲ್ಲಿದ್ದು, ಇದೇ ಡಕೋಟಾದ ಬಾಗಿಲಲ್ಲಿ ನಿಂತು ಕೆಳಗಿನ ಜವಾನರಿಗೆ ಅಕ್ಕಿ ಚೀಲ ನೂಕಿದವರು. ಮದುವೆಯಾದಾಗಿನಿಂದ ಅಳಿಯನಿಗೆ ಒಂದು ಶಹಬ್ಬಾಸ್ ಅಂದವರಲ್ಲ. ಇವತ್ತು ಅನ್ನಿಸಲೇಬೇಕು!

ಮಾವ ಬಂದರು, ಪರದೆ ನೋಡಿದರು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಅದಾ ರೆಕ್ಕಿ, ಅದಾ ಸಪ್ಪಳ. ನಮ್ಮವ್ವನ ಕಂಡಂಗ ಆತು ಅಳಿಯಾರ" ಎನ್ನುವಾಗ ಅವರ ಕಣ್ಣು ತುಂಬಿತು. ಹೊನ್ನೂರಪ್ಪನವರ ಎದೆ ಉಬ್ಬಿತು. ಕಣಿವೆ ದಾಟಿದರು. ದೂರದಲ್ಲಿ ಲೇಹ್ ಕಂಡಿತು. ಶಹಬ್ಬಾಸ್ ಮಾವನ ತುಟಿಯವರೆಗೂ ಬಂದಿತ್ತು.

ಆಗ ಯಮನೂರಮ್ಮ ಅಡುಗೆಮನೆಯಲ್ಲಿ ಶೇಂಗಾ ಚಟ್ನಿಗೆಂದು ಮಿಕ್ಸಿ ಹಾಕಿದಳು. ಮಸ್ಕಿಯ ಕರೆಂಟು ಚಟ್ನಿಗೆ ಸಾಲುತ್ತಿತ್ತು, ಇಲ್ಲವೆ ಡಕೋಟಾಕ್ಕೆ ಸಾಲುತ್ತಿತ್ತು, ಎರಡಕ್ಕೂ ಸಾಲುತ್ತಿರಲಿಲ್ಲ. ಪರದೆ ನಡುಗಿತು.

"ಇಂಜಿನ್ ಸಪ್ಪಳ ಕೆಟ್ಟೈತಿ ಅಳಿಯಾರ" ಎನ್ನುತ್ತ ಮಾವ ಎದ್ದು ನಿಂತರು.

"ಲೋಡ್ ಇಳಸು, ಲೋಡ್ ಇಳಸು" ಎಂದು ಹೊನ್ನೂರಪ್ಪ ಹೆಂಡತಿಗೆ ಕೂಗಿದರು. ಮಿಕ್ಸಿ ಆರಿಸು ಎನ್ನಲು ಆ ಮನೆಯಲ್ಲಿ ಹಾಗೆನ್ನುವುದೇ ರೂಢಿ.

ಮಾವನಿಗೆ ಆ ರೂಢಿ ಗೊತ್ತಿರಲಿಲ್ಲ. ಬೇರೆ ರೂಢಿ ಗೊತ್ತಿತ್ತು. ದಡದಡ ಬಾಗಿಲಿಗೆ ಹೋದವರೇ ಕಾಲು ಊರಿ, ಭುಜ ಕೊಟ್ಟು, ಚೀಲವನ್ನು ನೂಕಿಯೇಬಿಟ್ಟರು. ಅರವತ್ತು ದಾಟಿದ ಮನುಷ್ಯ! ಏನು ಶಿಸ್ತು, ಏನು ಗುರಿ! ಚೀಲ ಮೆಟ್ಟಿಲು ಮೆಟ್ಟಿಲಿಗೂ ಅಕ್ಕಿ ಹಂಚುತ್ತ ಹೋಗಿ ಬೀದಿಯಲ್ಲಿ ಪೂರ್ತಿ ಒಡೆಯಿತು. ಓಣಿಯ ಕೋಳಿಗಳೆಲ್ಲ ಓಡಿಬಂದವು. ಇತ್ತ ಪರದೆಯೂ ಕಪ್ಪಾಯಿತು.

"ಈಗ ಹಗುರ ಆತು ನೋಡ್ರಿ" ಎಂದು ಮಾವ ಕೈ ಝಾಡಿಸಿಕೊಂಡರು. "ಶಹಬ್ಬಾಸ್ ಅಳಿಯಾರ, ಬರೋಬ್ಬರಿ ಟೈಮಿಗೆ ಹೇಳಿದ್ರಿ."

ಅಷ್ಟು ವರ್ಷ ಕಾದ ಶಹಬ್ಬಾಸ್ ಬಂದೇ ಬಂತು. ಅದನ್ನು ಸವಿಯಲು ಮೇಷ್ಟ್ರಿಗೆ ಪುರುಸೊತ್ತಾಗಲಿಲ್ಲ. ಯಮನೂರಮ್ಮ ಹೊರಬಂದು ಬೀದಿ ನೋಡಿದಳು, ಅಪ್ಪನನ್ನು ನೋಡಿದಳು, ಗಂಡನ ಕೈಗೆ ಮೊರ, ಕಸಬರಿಗೆ ಕೊಟ್ಟಳು.

"ಮುಂಜಾನಿಂದ ಇಳೀತೀನಿ ಇಳೀತೀನಿ ಅನ್ನಾಕತ್ತಿದ್ರಲ್ಲ, ಈಗ ಇಳೀರಿ."