ಗಿಳಿಯ ಕೊಕ್ಕಿಗೆ ನಾನಿಟ್ಟ ಮೆಣಸಿನಕಾಯಿ

ನನ್ನ ಜ್ಞಾಪಕಶಕ್ತಿಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಯಾರ ಮದುವೆಯಲ್ಲಿ ಯಾವ ಪಾಯಸ ಬಡಿಸಿದ್ದರು, ಯಾರ ನಾಮಕರಣದಲ್ಲಿ ಯಾರು ಮುನಿಸಿಕೊಂಡು ಎಲೆ ಬಿಟ್ಟು ಎದ್ದರು ಎಂಬುದನ್ನೆಲ್ಲ ಕೇಳದವರಿಗೂ ಹೇಳುತ್ತಿದ್ದೆ. ಹೆಂಡತಿ ಮಾತ್ರ, "ತರಕಾರಿ ಚೀಲ ಎಲ್ಲಿ ಬಿಟ್ಟು ಬಂದ್ರಿ ಅನ್ನೋದೊಂದು ನೆನಪಿರಲ್ಲ ನಿಮಗೆ" ಎನ್ನುತ್ತಿದ್ದಳು. ದೊಡ್ಡ ತಲೆಯಲ್ಲಿ ಸಣ್ಣ ವಿಷಯಗಳಿಗೆ ಜಾಗವಿರುವುದಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಈ ಹೆಮ್ಮೆಯಿಂದಲೇ ಒಬ್ಬ ಒಳ್ಳೆಯ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಿದೆ ಎಂಬುದನ್ನು ಈಗ ಹೇಳಿಕೊಳ್ಳದೆ ವಿಧಿಯಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚನ್ನಗಿರಿಯಲ್ಲಿ ಗಿಳಿ ಮಾರ್ಕಿನ ಚಹಾಪುಡಿಯ ಏಜೆಂಟನಾಗಿದ್ದೆ. ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಬಸ್ಸಿನಲ್ಲಿ ಸುತ್ತಿ ಅಂಗಡಿಗಳಿಗೆ ಪೊಟ್ಟಣ ಹಾಕುವುದು ನನ್ನ ಕೆಲಸ. ಒಂದು ವರ್ಷ ಕಂಪನಿಯವರು ಊರಿಗೊಂದು ಗೋಡೆ ಹಿಡಿದು ಗಿಳಿಯ ಚಿತ್ರ ಬರೆಸಿ ಎಂದರು. ನ್ಯಾಮತಿಯ ಪೇಂಟರ್ ಖಾಸಿಂ ಸಾಬರಿಗೆ ಒಪ್ಪಿಸಿದೆ. ಅವರು ಮಾದರಿ ಹಾಳೆಯ ಮೇಲೆ ಚೌಕಗಳನ್ನು ಗೀಚಿ, ದಾರಕ್ಕೆ ನೀಲಿ ಹಚ್ಚಿ ಗೋಡೆಯ ಮೇಲೂ ಅಷ್ಟೇ ಚೌಕ ಎಳೆದು, ಒಂದೊಂದು ಚೌಕವನ್ನೇ ನೋಡಿ ಬರೆಯುವವರು. ಅವರ ಕೈಯಲ್ಲಿ ಒಂದು ಪುಕ್ಕವೂ ಅತ್ತಿತ್ತ ಆಗುತ್ತಿರಲಿಲ್ಲ.

ಮೊದಲ ಗೋಡೆ ಹೊನ್ನಾಳಿ ಬಸ್ ನಿಲ್ದಾಣದ ಎದುರಿನ ಹೋಟೆಲಿನದು. ಗಿಳಿ ಮುಗಿಯಿತು. ನಾನು ಕೈಕಟ್ಟಿ ನಿಂತು ನೋಡಿ, "ಸಾಬರೇ, ಮೆಣಸಿನಕಾಯಿ ಎಲ್ಲಿ?" ಎಂದೆ.

"ಯಾವ ಮೆಣಸಿನಕಾಯಿ ಏಜೆಂಟ್ರೇ?"

"ಗಿಳಿ ಬಾಯಾಗೆ ಇರ್ತೈತಲ್ರೀ!"

ಹೋಟೆಲಿನಲ್ಲಿ ಕೂತವರೆಲ್ಲ ಎದ್ದು ಬಂದರು. ದಿನಾ ಬೆಳಗ್ಗೆ ಅದೇ ಪೊಟ್ಟಣ ಒಡೆಯುವ ಹೋಟೆಲಿನ ಮಾಲೀಕರೂ "ಐತೆ, ಐತೆ" ಎಂದರು. ಮೆಣಸಿನಕಾಯಿ ಇದೆಯೋ ಇಲ್ಲವೋ ಎಂಬ ಬಗ್ಗೆ ಅಲ್ಲಿ ಚರ್ಚೆಯೇ ಆಗಲಿಲ್ಲ. ಅದು ಹಸಿರೋ ಕೆಂಪೋ ಎಂಬುದಕ್ಕೆ ಇಬ್ಬರು ಕಂಡಕ್ಟರುಗಳು ಮಾತು ಬಿಡುವಷ್ಟಾಯಿತು. ಭವಿಷ್ಯ ಹೇಳುವ ಗಿಳಿ, ರಂಗೋಲಿಯ ಗಿಳಿ, ತೊಟ್ಟಿಲಿನ ಗಿಳಿ, ಹುಟ್ಟಿದಾಗಿನಿಂದ ನೋಡಿದ ಗಿಳಿಗಳೆಲ್ಲ ಸೇರಿ ನಮ್ಮ ತಲೆಯಲ್ಲಿ ಆ ಕಾಯಿ ಇಟ್ಟಿದ್ದವೋ ಏನೋ. ಸಾಬರು ಹಾಳೆ ಚಾಚಿ, "ಇದ್ರಾಗೆ ಇಲ್ಲ ನೋಡ್ರಿ" ಎಂದರು. "ಅಚ್ಚಿನಾಗೆ ಬಿಟ್ಟು ಹೋಗೈತೆ" ಎಂದೆ. ನನ್ನ ಚೀಲದಲ್ಲೇ ಆರು ಪೊಟ್ಟಣಗಳಿದ್ದವು. ಗೊತ್ತಿರುವುದನ್ನು ಯಾರಾದರೂ ತೆಗೆದು ನೋಡುತ್ತಾರೆಯೇ? ಸಾಬರು ಒಮ್ಮೆ ನನ್ನ ಮುಖ ನೋಡಿ, "ನೀವು ಹೇಳಿದ ಮೇಲೆ ಇರಬೇಕು ಬಿಡ್ರಿ" ಎಂದು ಏಣಿ ಹತ್ತಿದರು. ಕೆಂಪು ಕಾಯಿ, ಹಸಿರು ತೊಟ್ಟು ಬರೆದರು.

ತಿಂಗಳೊಳಗೆ ಹೊನ್ನಾಳಿಯ ಗೋಡೆ ನೋಡಲು ಕಂಪನಿಯ ಇನ್ಸ್‌ಪೆಕ್ಟರು ಬಂದರು. "ಚಹಾ ಮಾರ್ತಿದೀರೋ ಖಾರದಪುಡಿಯೋ? ಯಾರು ಮಾಡಿದ್ದು ಇದನ್ನ?" ಎಂದು ಪೊಟ್ಟಣವೊಂದನ್ನು ನನ್ನ ಮೂಗಿನ ಮುಂದೆ ಹಿಡಿದರು. ಗಿಳಿಯ ಕೊಕ್ಕು ಖಾಲಿ. ಖಾಸಿಂ ಸಾಬರು ಅಲ್ಲೇ ಪಕ್ಕದಲ್ಲಿ ಹೋಟೆಲಿನ ತಿಂಡಿಯ ಬೋರ್ಡು ಬರೆಯುತ್ತಿದ್ದರು. ನಾನು, "ಪೇಂಟರ್ ತಪ್ಪು ಸಾರ್" ಎಂದುಬಿಟ್ಟೆ. ಸಾಬರು ಕುಂಚ ಅದ್ದಿ ಬೋರ್ಡಿನ ಮುಂದಿನ ಅಕ್ಷರ ಬರೆದರು. ಕಂಪನಿಯವರು ಹೊನ್ನಾಳಿಯ ಗಿಳಿಗೆ ಸುಣ್ಣ ಬಳಿಸಿದರು. ಚನ್ನಗಿರಿ, ಜಗಳೂರಿನ ಗೋಡೆಗಳು ಬೇರೆಯವರ ಪಾಲಾದವು. ಆ ವರ್ಷ ಸಾಬರ ಸಂಸಾರ ಆ ಗೋಡೆಗಳನ್ನೇ ನಂಬಿಕೊಂಡಿತ್ತೆಂದು ಆಮೇಲೆ ತಿಳಿದು ನಾಚಿಕೆಯಿಂದ ಕುಗ್ಗಿಹೋದೆ.

ಆದರೆ ನಾನು ತೀರ ಕೆಟ್ಟವನೇನಲ್ಲ. ಒಂದು ಭಾನುವಾರ ನ್ಯಾಮತಿಗೆ ಹೋಗಿ, ಅವರ ಮನೆಯಲ್ಲಿ ಕೂತು, ತಪ್ಪೊಪ್ಪಿಕೊಂಡು ಬಂದೆ. ಅಂಗಳದ ನುಗ್ಗೆಮರ, ಸಕ್ಕರೆ ಹೆಚ್ಚಾಗಿದ್ದ ಚಹಾ, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಹೆಂಡತಿ ಕೊಬ್ಬರಿ ಮಿಠಾಯಿ ಕಟ್ಟಿಕೊಟ್ಟಿದ್ದಳು. "ಸಾಬರ ಮನೆಯವರಿಗೆ ಭಾಳ ಹಿಡಿಸಿತಂತೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ನಾವು ಗಂಡ ಹೆಂಡತಿ ಜಗಳವಿಲ್ಲದೆ ಒಪ್ಪುತ್ತಿದ್ದ ನೆನಪು ಅದೊಂದೇ.

ಏಳೆಂಟು ವರ್ಷ ಕಳೆದ ಮೇಲೆ ನ್ಯಾಮತಿಯಲ್ಲಿ ಸಾಬರು ಕಂಡರು. ಗ್ಯಾರೇಜಿನ ಮುಂದೆ ಕೂತು ಮೋಟರ್ ಸೈಕಲ್ಲಿನ ನಂಬರು ಬರೆಯುತ್ತಿದ್ದರು. ಮಾತು ತೆಗೆಯಲೆಂದು, "ನಿಮ್ಮ ಅಂಗಳದ ನುಗ್ಗೆಮರ ಹೆಂಗೈತ್ರೀ?" ಎಂದೆ.

"ನಮ್ಮನೆಗೆ ಅಂಗಳ ಎಲ್ಲೈತೆ ಏಜೆಂಟ್ರೇ? ಬಾಗಿಲು ತೆಗೆದ್ರೆ ರಸ್ತೆ."

"ಅವತ್ತು ಮಿಠಾಯಿ ತಗಂಡು ಬಂದಿದ್ನಲ್ರೀ..."

"ನೀವು ಬರ್ತೀರಂತ ಕಂಡಕ್ಟರ್ ಹೇಳಿದ್ದ. ಎರಡು ಭಾನುವಾರ ಎಲ್ಲೂ ಹೋಗದಂಗೆ ಕಾದೆ."

ಬೇರೆಯೇ ಒಂದು ಭಾನುವಾರ ನಿಧಾನವಾಗಿ ನೆನಪಿಗೆ ಬಂತು. ಬಸ್ಸು ಬದಲಿಸಲು ಹೊನ್ನಾಳಿಯಲ್ಲಿ ಇಳಿದವನು, ಮುಂದೆ ಹೋಗಲು ಮುಖವಿಲ್ಲದೆ, ಕಲ್ಲುಬೆಂಚಿನ ಮೇಲೆ ಕೂತು ಆ ಮಿಠಾಯಿಗಳನ್ನು ಒಂದೊಂದಾಗಿ ತಿಂದಿದ್ದೆ. ಎದುರಿನ ಗೋಡೆಯ ಮೇಲೆ ಸುಣ್ಣದ ಅಡಿಯಿಂದ ಮೆಣಸಿನಕಾಯಿ ಇನ್ನೂ ಕೆಂಪಗೆ ಕಾಣುತ್ತಿತ್ತು.

ನನ್ನ ಮುಖ ನೋಡಿ ಸಾಬರಿಗೆ ಕನಿಕರವಾಗಿರಬೇಕು. ಕುಂಚ ಒರೆಸಿಕೊಳ್ಳುತ್ತ, "ನನಗೂ ವಯಸ್ಸಾತು. ನೀವು ಹೇಳಿದ ಮೇಲೆ ಬಂದಿರಬೇಕು ಬಿಡ್ರಿ" ಎಂದರು.

ಆಗಲಾದರೂ ಕ್ಷಮೆ ಕೇಳಿದೆನೇ ಎನ್ನುತ್ತೀರಾ? ಕೇಳಿದೆ. ಕೈ ಹಿಡಿದುಕೊಂಡೇ ಕೇಳಿದೆ. ಅವರ ಬೆರಳಿನ ಬಿಳಿ ಬಣ್ಣ ನನ್ನ ಅಂಗೈಗೆ ಅಂಟಿದ್ದು ಕೂಡ ಚೆನ್ನಾಗಿ ನೆನಪಿದೆ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ, ಅವಳೂ ಹೌದೆನ್ನುತ್ತಾಳೆ. ಅವಳು ಅವತ್ತು ಚನ್ನಗಿರಿಯಲ್ಲಿದ್ದಳು.