ಕಪ್ಪು ಪರದೆಯಲ್ಲಿ ಒಂಟಿ ಸಲಗ

ನಾಪೋಕ್ಲು ಕಡೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ನನ್ನ ಮೇಲೆ ಯಾರಿಗಾದರೂ ಅನುಮಾನ ಬಾರದ ವಾರವೇ ಇಲ್ಲ. ಈಚಿನದು ಒಂದು ಆಟದಿಂದ ಶುರುವಾಯಿತು.

೧. ನನ್ನ ಕಾಫಿ

ಮಕ್ಕಳಿಗೆ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಹಿಡಿಸಲಿ ಅಂತ ಒಂದು ಆಟ ಬರೆಯುತ್ತಿದ್ದೆ. ಕಪ್ಪು ಪರದೆ, ಬರೀ ಅಕ್ಷರ. ಬಾಣದ ಗುರುತಿನ ಕೀ ಒತ್ತುತ್ತಾ ಮೆನುವಿನಲ್ಲಿ ಮೇಲೆ ಕೆಳಗೆ ಹೋಗಿ, ಬೇಕಾದ್ದಕ್ಕೆ ಎಂಟರ್ ಒತ್ತಬೇಕು. ಕಾಫಿ ತಂದ ಅಟೆಂಡರ್ ಅದನ್ನು ನೋಡಿದವನೇ ಲೋಟ ಇಡದೆ ವಾಪಸು ಹೋದ. ಟಿ.ವಿ.ಯಲ್ಲಿ ಹ್ಯಾಕರ್‌ಗಳನ್ನು ತೋರಿಸುವಾಗ ಇದೇ ಪರದೆ ಇರುತ್ತದಂತೆ.

ಪ್ರಿನ್ಸಿಪಾಲರು ಕರೆಸಿದರು. “ಏನ್ರೀ ಅದು?”

“ಆಟ ಸಾರ್.”

“ಚಿತ್ರ ಇಲ್ಲದ ಆಟ ಯಾರು ಆಡ್ತಾರೆ? ಲ್ಯಾಬಿನ ಬೀಗದಕೈ ಇಲ್ಲಿ ಕೊಡಿ. ಶನಿವಾರ ನಾನೇ ಕೂತು ನೋಡ್ತೇನೆ. ಸರಿ ಕಾಣದಿದ್ರೆ ಲ್ಯಾಬ್ ಬಂದ್.”

ಲ್ಯಾಬ್ ಹೋದರೆ ನನಗೆ ಉಳಿಯುವುದು ಕರಿಹಲಗೆಯೊಂದೇ. ನಿಜಕ್ಕೂ ಹೆದರಿಕೆಯಾಯಿತು. ನನ್ನ ಕಾಫಿಯನ್ನು ಅವರು ಆಗಲೇ ಕುಡಿದು ಮುಗಿಸಿದ್ದರು.

೨. ಒದ್ದೆ ಬಟ್ಟೆ

ಶುಕ್ರವಾರ ಪ್ರಿನ್ಸಿಪಾಲರಿಂದ ಬೀಗದಕೈ ತಂದು ಅಟೆಂಡರ್ ಲ್ಯಾಬ್ ತೆರೆದುಕೊಟ್ಟ. ಯಾವ ಬಾಣ ಒತ್ತಿದರೂ ಆಟವೇ ಮುಚ್ಚಿಹೋಗತೊಡಗಿತು. ಈಗ ಅನುಮಾನ ಪಡುವ ಸರದಿ ನನ್ನದು. “ಕೀಬೋರ್ಡನ್ನ ಒದ್ದೆ ಬಟ್ಟೆಯಲ್ಲಿ ಒರೆಸಿದ್ಯಾ?” ಅಂತ ಅಟೆಂಡರನನ್ನು ಗದರಿದೆ. ಅವನು ಮುಖ ಸಣ್ಣದು ಮಾಡಿಕೊಂಡು ಹೋದ.

ಮಧ್ಯಾಹ್ನ ತಪ್ಪು ಸಿಕ್ಕಿತು. ಒಂದು ಬಾಣ ಒತ್ತಿದರೆ ಒಳಗೆ ಹೋಗುವುದು ಮೂರು ಸಂಕೇತ, ಮೊದಲನೆಯದು ಎಸ್ಕೇಪ್ ಕೀಯದ್ದೇ. ಎಸ್ಕೇಪ್ ಬಂದರೆ ಆಟ ಮುಚ್ಚು ಅಂತ ಬೆಳಿಗ್ಗೆಯಷ್ಟೇ ಬರೆದ ಮಹಾನುಭಾವ ನಾನೇ.

ಅದನ್ನು ಸರಿಮಾಡಿ, ಅಟೆಂಡರನನ್ನು ಕರೆದು “ತಪ್ಪಾಯ್ತು ಮಾರಾಯ,” ಅಂದೆ.

“ಇರಲಿ ಸಾರ್,” ಅಂದ. “ಆ ಕೀಬೋರ್ಡ್ ನಾನು ಒರೆಸಿದ್ದೇ ಇಲ್ಲ, ಇವತ್ತಿನವರೆಗೂ.”

೩. ಶನಿವಾರ

ಪ್ರಿನ್ಸಿಪಾಲರದು ಹುದಿಕೇರಿ ಹತ್ತಿರ ಆನೆ ಓಡಾಡುವ ಕಾಫಿ ತೋಟ. ಲ್ಯಾಬಿಗೆ ಬಂದು ಕುರ್ಚಿಯ ತುದಿಯಲ್ಲಿ ಕೂತು ಪರದೆ ಓದಿದರು: ‘ತೋಟದಲ್ಲಿ ಆನೆ ಎದುರಾಗಿದೆ. ಓಡು. ಮರ ಹತ್ತು. ಕೂಗು.’

“ಒಂಟಿಯಾ, ಹಿಂಡಾ?”

“ಒಂಟಿ ಸಲಗ ಸಾರ್.”

“ಗಾಳಿ ಯಾವ ಕಡೆ?”

“ಗಾಳಿ ಬರೆದಿಲ್ಲ ಸಾರ್.”

ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬಾಣ ಒತ್ತುತ್ತಾ ‘ಓಡು’ವಿನಿಂದ ‘ಕೂಗು’ವಿಗೆ, ಅಲ್ಲಿಂದ ‘ಮರ ಹತ್ತು’ವಿಗೆ ಹತ್ತು ನಿಮಿಷ ಓಡಾಡಿದರು. ಎಂಟರ್ ಮಾತ್ರ ಒತ್ತಲಿಲ್ಲ. ಕೊನೆಗೆ ಕೈಯನ್ನೇ ತೆಗೆದರು.

“ಏನೂ ಒತ್ತದಿದ್ರೆ?”

“ಅದು ಹಾಗೇ ನಿಂತಿರುತ್ತೆ ಸಾರ್.”

ಸದ್ದಾಗದಂತೆ ಎದ್ದರು. ಪರದೆಗೆ ಬೆನ್ನು ತೋರಿಸದೆ ಒಂದೊಂದೇ ಹೆಜ್ಜೆ ಹಿಂದಿಟ್ಟು ಬಾಗಿಲು ದಾಟಿದರು. ಆಮೇಲೆ ಅವರ ಕೈ ಮಾತ್ರ ಒಳಗೆ ಬಂತು, ಬೀಗದಕೈ ಹಿಡಿದುಕೊಂಡು.

“ಇದು ನಿಮ್ಮ ಹತ್ರಾನೇ ಇರಲಿ,” ಅಂತ ಪಿಸುಗುಟ್ಟಿದರು. “ಅದು ಹೋದ ಮೇಲೆ ಬೀಗ ಹಾಕಿ.”