ಹಡಗು ಹತ್ತಿದ ಕಂಡಕ್ಟರ್ ಪೆಟ್ಟಿಗೆ

ಅರಸೀಕೆರೆಯ ಷಡಕ್ಷರಪ್ಪನವರು ತಮ್ಮ ಹೊಸ ಯಂತ್ರದ ಮೇಲೆ ಹೊದಿಸಿದ್ದ ಟವೆಲನ್ನು ಎಳೆದಾಗ, ನಡುಮನೆಯಲ್ಲಿ ನೆರೆದಿದ್ದ ಬೀದಿಯ ಹದಿನಾರು ಜನಕ್ಕೂ ಕಂಡದ್ದು ಒಂದು ತಗಡಿನ ಪೆಟ್ಟಿಗೆ. ಹೆಗಲಿಗೆ ಹಾಕಿಕೊಳ್ಳಲು ಚರ್ಮದ ಪಟ್ಟಿ, ಮುಂದುಗಡೆ ಒಂದು ಗಾಜಿನ ಕಣ್ಣು, ಪಕ್ಕದಲ್ಲಿ ತಂತಿಗೆ ನೇತುಹಾಕಿದ ವಿಷಲ್.

"ಇದೇನ್ರಿ, ಟಿಕೆಟ್ ಕೊಡೋ ಡಬ್ಬಿ ಇದ್ದಂಗಿದೆ," ಅಂದರು ಎದುರುಮನೆಯ ಕೊಬ್ಬರಿ ವ್ಯಾಪಾರಿ ಕಲ್ಲೇಶಪ್ಪ.

"ಡಬ್ಬಿ ಅದೇ. ಒಳಗಿರೋದು ಬೇರೆ. ಮೂವತ್ತೊಂದು ವರ್ಷ ಬಸ್ಸಲ್ಲಿ ನಾನು ಕಲಿತಿದ್ದೆಲ್ಲಾನೂ ಇದರೊಳಗೆ ಇಳಿಸಿದೀನಿ," ಎಂದರು ಷಡಕ್ಷರಪ್ಪ. ಅವರು ನಿವೃತ್ತ ಬಸ್ ಕಂಡಕ್ಟರು, ಈಗ ಸಂಶೋಧಕರು.

ಅವರ ಹೆಂಡತಿ ಗಿರಿಜಾಂಬ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಗಂಡನ ಸಂಶೋಧನೆಗಳ ಪರಿಚಯ ಆಕೆಗೆ ಚೆನ್ನಾಗಿಯೇ ಇತ್ತು. ತಾನಾಗಿ ಬಿಚ್ಚಿಕೊಂಡು ತಾನಾಗಿ ಮಡಚಿಕೊಳ್ಳುವ ಕೊಡೆ ಮಾಡಿದ್ದರು. ಅದು ಮೊದಲ ಹನಿ ಬಿದ್ದ ಕೂಡಲೇ ಮಡಚಿಕೊಳ್ಳುತ್ತಿತ್ತು. ಹಾಲು ಉಕ್ಕುವ ಮೊದಲೇ ಕೂಗುವ ಪಾತ್ರೆ ಮಾಡಿದ್ದರು. ಅದು ಹಿಂದಿನ ದಿನವೇ ಕೂಗಲು ಶುರುಮಾಡುತ್ತಿತ್ತು. ಆದರೂ ಈ ಸಲ ಆಕೆ ಪೆಟ್ಟಿಗೆಯನ್ನು ಸ್ವಲ್ಪ ಆಸೆಯಿಂದಲೇ ನೋಡಿದರು. ಅದು ಹುಟ್ಟಿದ್ದೇ ಹಡಗಿನ ಪ್ರವಾಸ ಗೊತ್ತುಮಾಡುವುದಕ್ಕೆ.

ಈಚೆಗೆ ಹಡಗು, ಹೋಟೆಲು, ಬಸ್ಸು ಎಲ್ಲವನ್ನೂ ಯಂತ್ರಗಳೇ ನಡೆಸುವುದು ಗೊತ್ತಿರುವ ಸಂಗತಿಯೇ. ಮನುಷ್ಯರು ಅಂಗಲಾಚಿದರೆ ಅವು ಕರಗುವುದಿಲ್ಲ. ಯಂತ್ರದ ಜೊತೆ ಮಾತಾಡಲು ಯಂತ್ರವೇ ಬೇಕು, ಅದೂ ಮಾತು ಬಲ್ಲ ಯಂತ್ರ.

ಷಡಕ್ಷರಪ್ಪ ಗುಂಡಿ ಒತ್ತಿದರು. ಪೆಟ್ಟಿಗೆ ಗಂಟಲು ಸರಿಮಾಡಿಕೊಂಡು 'ನೀಲಗಂಗೆ' ಎಂಬ ವಿಹಾರದ ಹಡಗಿಗೆ ಫೋನು ಹಚ್ಚಿತು.

"ಐದು ಕೋಣೆಗಳು ಮಾತ್ರ ಉಳಿದಿವೆ. ಕೋಣೆಗೆ ಇಬ್ಬರು," ಎಂದಿತು ಹಡಗಿನ ಯಂತ್ರ, ಗಂಜಿ ಹಾಕಿ ಇಸ್ತ್ರಿ ಮಾಡಿದಂಥ ದನಿಯಲ್ಲಿ.

"ನಾವು ಹದಿನೆಂಟು ಜನ ಇದೀವಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ," ಎಂದಿತು ಪೆಟ್ಟಿಗೆ, ಥೇಟು ಷಡಕ್ಷರಪ್ಪನವರ ದನಿಯಲ್ಲಿ.

"ಕ್ಷಮಿಸಿ, ಆ ಕ್ರಿಯೆ ನನ್ನಲ್ಲಿ ಇಲ್ಲ."

"ಮೂರು ಜನ ಕೂರೋ ಸೀಟಲ್ಲಿ ನಾಲ್ಕು ಜನ ಕೂತ್ರೆ ಏನಾಗುತ್ತೆ?"

"ಇಕ್ಕಟ್ಟಾಗುತ್ತದೆ."

"ಬಸ್ಸು ನಿಂತ್ಬಿಡುತ್ತಾ?"

ಆ ಕಡೆ ಏನೋ ಲೆಕ್ಕ ಹಾಕುವ ಟಿಕಟಿಕ ಕೇಳಿಸಿತು. "ಇಲ್ಲ," ಎಂದಿತು ಹಡಗು ಕೊನೆಗೆ. "ನಿಲ್ಲುವುದಿಲ್ಲ."

"ಅದೇ ಅಡ್ಜಸ್ಟು."

"ಇದು ನನಗೆ ಯಾರೂ ಹೇಳಿರಲಿಲ್ಲ," ಎಂದಿತು ಹಡಗಿನ ಯಂತ್ರ, ಗಂಜಿಯೆಲ್ಲ ಇಳಿದುಹೋದ ದನಿಯಲ್ಲಿ. "ಹದಿನೆಂಟು ಜನಕ್ಕೂ ಜಾಗವಾಯಿತು. ಇನ್ನೂ ಆರು ಮಂದಿ ಇದ್ದರೆ ಕರೆತನ್ನಿ."

ನಡುಮನೆ ಚಪ್ಪಾಳೆ ತಟ್ಟಿತು. ಕಲ್ಲೇಶಪ್ಪ ಎದ್ದು ಷಡಕ್ಷರಪ್ಪನವರ ಕೈ ಕುಲುಕಿದರು.

ಪ್ರವಾಸ ಆರು ದಿನದ್ದು. ಮಂಗಳೂರಿನಲ್ಲಿ ಹಡಗು ಹತ್ತಿ ಎರಡು ದಿನ ದಡದ ಗುಂಟ ಕಾರವಾರದವರೆಗೆ, ಅಲ್ಲಿ ಇಳಿದು ಎರಡು ದಿನ ಗೈಡಿನ ಜೊತೆ ಬಸ್ಸಿನಲ್ಲಿ ಗೋಕರ್ಣ, ಯಾಣ, ಮುರುಡೇಶ್ವರ, ಮತ್ತೆ ಹಡಗು. ಐದನೆಯ ದಿನದ ಮುಂದೆ ಕರಪತ್ರದಲ್ಲಿ ಹೀಗೆ ಅಚ್ಚಾಗಿತ್ತು: 'ಪೂರ್ತಿ ದಿನ ನಡುಗಡಲು. ದಡ ಕಾಣದು.' ಗಿರಿಜಾಂಬ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದರು.

ಯಾಕೆ ಅಂದರೆ, ಆಕೆ ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವರು. ಸಾಗರದ ಉಬ್ಬರ, ಇಳಿತ, ಪ್ರವಾಹ, ಎಲ್ಲವನ್ನೂ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಅಳಿಸಿದವರು. ಸಮುದ್ರವನ್ನು ಮಾತ್ರ ಒಂದು ದಿನವೂ ನೋಡಿದವರಲ್ಲ. ಶಾಲೆಯ ಪ್ರವಾಸ ಸಮುದ್ರದ ಕಡೆಗೆ ಹೊರಟಾಗಲೆಲ್ಲ ಕೊನೆಗಳಿಗೆಯಲ್ಲಿ ಒಂದು ಸೀಟು ಕಡಮೆ ಬೀಳುತ್ತಿತ್ತು. ಹೆಡ್‌ಮಾಸ್ಟರ ಅತ್ತೆಗೋ ದೈಹಿಕ ಶಿಕ್ಷಕರ ತಮ್ಮನಿಗೋ ಜಾಗ ಬೇಕಾಗುತ್ತಿತ್ತು. ಎಲ್ಲರೂ ಇವರ ಮುಖವನ್ನೇ ನೋಡುತ್ತಿದ್ದರು.

"ನೋಡ್ರಿ," ಎಂದರು ಗಿರಿಜಾಂಬ ಪೆಟ್ಟಿಗೆಯ ಗಾಜಿನ ಕಣ್ಣಿನ ಮುಂದೆ ಕರಪತ್ರ ಹಿಡಿದು. "ಉಳಿದ ಐದು ದಿನ ನೀವು ಎಲ್ಲಿಗೆ ಬೇಕಾದ್ರೂ ಕರ್ಕೊಂಡ್ಹೋಗಿ. ಈ ಒಂದು ದಿನ ನಂದು. ನಾಲ್ಕೂ ಕಡೆ ನೀರು ಬಿಟ್ಟು ಏನೂ ಇರಬಾರ್ದು."

"ಆಗ್ಲಿ ಅಮ್ಮಾ. ಮುಂದೆ ನಡೀರಿ," ಎಂದಿತು ಪೆಟ್ಟಿಗೆ.

*

ಮರುದಿನ ಬೆಳಿಗ್ಗೆಯಿಂದಲೇ ಬೀದಿಯವರು ಒಬ್ಬೊಬ್ಬರಾಗಿ ಬಂದರು.

"ಅಲ್ಲಿತನಕ ಹೋಗಿ ಕೊಲ್ಲೂರು ಬಿಡೋಕಾಗುತ್ತಾ? ದೇವಿ ಏನಂದ್ಕೊಂಡಾಳು?" ಎಂದರು ಪಕ್ಕದ ಮನೆಯ ಮರುಳಮ್ಮ. ಪೆಟ್ಟಿಗೆ ಕಟಕಟ ಅಂದು ಐದನೆಯ ದಿನದಿಂದ ಆರು ತಾಸು ಕತ್ತರಿಸಿ ಕೊಲ್ಲೂರಿಗೆ ಕೊಟ್ಟಿತು.

"ಕುಮಟೆಯಲ್ಲಿ ನಮ್ಮ ಷಡ್ಡಕ ಇದಾನೆ. ಹದಿನೆಂಟೂ ಜನ ಊಟಕ್ಕೆ ಬರ್ತೀವಿ ಅಂತ ಹೇಳ್ಬಿಟ್ಟಿದೀನಿ," ಎಂದರು ಕಲ್ಲೇಶಪ್ಪ. ನಾಲ್ಕು ತಾಸು ಹೋಯಿತು.

ಉಡುಪಿಯಲ್ಲಿ ಸೀರೆ ಅಂಗಡಿ, ಎರಡು ತಾಸು. ಯಾರದೋ ಹೊಟ್ಟೆಗೆ ಹಡಗಿನ ಅನ್ನ ಒಗ್ಗದಂತೆ. ರಾಗಿಮುದ್ದೆ ಮಾಡುವ ಹೋಟೆಲು ಹುಡುಕುವುದಕ್ಕೆ ಒಂದು ತಾಸು. ಉಳಿದದ್ದೂ ಹೀಗೇ ಕರಗಿತು. ಮೂರನೆಯ ಸಂಜೆ ಗಿರಿಜಾಂಬ ಪೆಟ್ಟಿಗೆಯ ಮುಂದೆ ಕೂತು ಪಟ್ಟಿ ಓದಿಸಿದರು.

"ಐದನೇ ದಿನ, ನಡುಗಡಲು, ಹದಿನೈದು ನಿಮಿಷ," ಎಂದಿತು ಪೆಟ್ಟಿಗೆ. "ಎಡಗಡೆ ಸ್ವಲ್ಪ ದಡ ಕಾಣುತ್ತೆ. ಬಲಗಡೆಗೆ ತಿರುಗಿ ಕೂತ್ಕೊಂಡ್ರೆ ಆಯ್ತು."

"ರೀ," ಎಂದರು ಗಿರಿಜಾಂಬ ಗಂಡನ ಕಡೆ ತಿರುಗಿ. "ನಿಮ್ಮ ಪೆಟ್ಟಿಗೆ ನನ್ನ ಸಮುದ್ರಾನ ಊರಿಗೆಲ್ಲ ಹಂಚಿಬಿಡ್ತು."

"ಏನ್ ಮಾಡ್ಲಿ ಗಿರಿಜಾ? ಅದಕ್ಕೆ ಯಾರಿಗೂ ಇಲ್ಲ ಅನ್ನೋಕೆ ಬರಲ್ಲ. ನಾನೇ ಹಾಗೆ ಮಾಡಿರೋದು." ಷಡಕ್ಷರಪ್ಪ ತಲೆ ಕೆರೆದುಕೊಂಡರು. "ನೀನು ಹೇಗೂ ತಿಳಿದೋಳು, ಈ ಸಲ ಒಂದು ಸ್ವಲ್ಪ ಅಡ್ಜ..."

"ಆ ಮಾತು ಪೂರ್ತಿ ಮಾಡ್ಬೇಡಿ. ಟಿಕೆಟ್ ಆಗಿದೆಯಲ್ಲ? ಹೊರಡೋಣ. ಹಡಗು ಹತ್ತಿದ ಮೇಲೆ ನಾನು ನೋಡ್ಕೋತೀನಿ."

ಷಡಕ್ಷರಪ್ಪನವರಿಗೆ ಮನಸ್ಸು ಹಗುರಾಯಿತು. ಆಗಬಾರದಿತ್ತು.

*

ಹಡಗಿನ ಕ್ಯಾಪ್ಟನ್ ಲೋಬೊ ಮಂಗಳೂರಿನವರು. ಬಿಳಿ ಸಮವಸ್ತ್ರ, ಚಿನ್ನದ ಗೀಟು, ಕೆಲಸ ಮಾತ್ರ ಏನೂ ಇಲ್ಲ. ಹಡಗನ್ನು ನಡೆಸುವುದು ಯಂತ್ರ, ಕ್ಯಾಪ್ಟನ್ ಎಂದರೆ ಕೈಮುಗಿದು ಸ್ವಾಗತ ಹೇಳುವುದಕ್ಕೆ. ಅವರು ಎರಡನೆಯ ಬೆಳಿಗ್ಗೆ ಊಟದ ಸಾಲೆಗೆ ಬಂದಾಗ ಟೋಪಿ ಕೈಯಲ್ಲಿತ್ತು.

"ಈ ಪೆಟ್ಟಿಗೆ ಯಾರದ್ದು ಮಾರಾಯ್ರೆ?"

"ನಂದೇ," ಎಂದರು ಷಡಕ್ಷರಪ್ಪ ಎದೆಯುಬ್ಬಿಸಿ. ಪೆಟ್ಟಿಗೆಯನ್ನು ಗೋಡೆಯ ಗೂಟಕ್ಕೆ ನೇತುಹಾಕಿದ್ದರು.

"ಇದು ನನ್ನ ಹಡಗಿಗೆ ಏನೋ ಹೇಳಿಕೊಟ್ಟಿದೆ. ನಿನ್ನೆ ಸಂಜೆಯಿಂದ ನಾವು ಇಪ್ಪತ್ತಾರು ಸಲ ನಿಂತದ್ದುಂಟು. ಮಲ್ಪೆ ಇನ್ನೂ ದಾಟಲಿಲ್ಲ!"

ಎಲ್ಲರೂ ಕಿಟಕಿಗೆ ಓಡಿದರು. ದೂರದಲ್ಲಿ ಒಂದು ಮೀನುಗಾರರ ದೋಣಿ. ಅದರಲ್ಲಿದ್ದವನೊಬ್ಬ ಇಷ್ಟು ದೊಡ್ಡ ಹಡಗು ಕಂಡ ಖುಷಿಗೆ ಕೈ ಬೀಸಿದ. ಗೂಟದ ಮೇಲಿಂದ ಒಂದು ವಿಷಲ್.

"ಹೋಲ್ಡಾನ್! ಕೈ ತೋರಿಸ್ತಿದಾರೆ."

ಹನ್ನೊಂದು ಅಂತಸ್ತಿನ ಹಡಗು ನಡುಗಿ ನಿಂತಿತು. ಏಣಿ ತಾನಾಗಿ ಇಳಿಯಿತು.

"ಹತ್ತಿ ಹತ್ತಿ, ಹಿಂದೆ ಖಾಲಿ ಇದೆ. ಬುಟ್ಟಿ ಸೀಟಿನ ಕೆಳಗೆ ಇಡಿ. ಬಾಗಿಲಲ್ಲಿ ನಿಲ್ಬೇಡಿ."

ಮೀನುಗಾರರೂ ಬುಟ್ಟಿ ಹೊತ್ತ ಒಬ್ಬ ಅಜ್ಜಿಯೂ ಕರೆದರಲ್ಲ ಎಂದು ಹತ್ತಿದರು. ಅವರ ದೋಣಿಯನ್ನು ಹಡಗಿನ ಹಿಂದೆ ಹಗ್ಗಕ್ಕೆ ಬಿಗಿಯಲಾಯಿತು. ಅಲ್ಲಾಗಲೇ ಇಪ್ಪತ್ತಾರು ದೋಣಿಗಳು ರೈಲಿನ ಡಬ್ಬಿಗಳ ಹಾಗೆ ಸಾಲಾಗಿದ್ದವು. ಕುಣಿಯುವ ಸಭಾಂಗಣದಲ್ಲಿ ಬಲೆ ಒಣಹಾಕಿದ್ದರು. ಈಜುಕೊಳದಲ್ಲಿ ಬಂಗುಡೆ ಮೀನು ಈಜುತ್ತಿತ್ತು. ಮರುಳಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡವರು ಬಿಡಲೇ ಇಲ್ಲ.

ನಡುವೆ ಎಲ್ಲೋ ಪ್ರವಾಸದ ಗೈಡ್ ರೋಹಿದಾಸನೂ ಹತ್ತಿಬಿಟ್ಟಿದ್ದ. ಅವನು ಕಾರವಾರದಲ್ಲಿ ಬಸ್ಸಿನ ಪಕ್ಕ ಕಾಯಬೇಕಾಗಿದ್ದವನು. ಮಲ್ಪೆಯ ಭಾವನ ದೋಣಿಯಲ್ಲಿ ಸುಮ್ಮನೆ ಗಾಳಿಗೆ ಬಂದವನು ಮೈ ಮುರಿಯಲು ಎರಡೂ ಕೈ ಮೇಲೆತ್ತಿದ್ದನಂತೆ.

"ಪೆಟ್ಟಿಗೆಯನ್ನು ಬಂದ್ ಮಾಡಿ," ಎಂದರು ಕ್ಯಾಪ್ಟನ್.

"ಆಗಲ್ಲ ಸಾರ್," ಎಂದರು ಷಡಕ್ಷರಪ್ಪ. ಅವರ ಎದೆ ಈಗ ಅಷ್ಟು ಉಬ್ಬಿರಲಿಲ್ಲ. "ಡ್ಯೂಟೀಲಿರೋ ಕಂಡಕ್ಟರನ್ನ ಅರ್ಧ ದಾರೀಲಿ ಇಳ್ಸೋಕೆ ಬರಲ್ಲ. ಅದಕ್ಕೇ ನಾನು ಆ ಗುಂಡೀನೇ ಇಟ್ಟಿಲ್ಲ."

"ಹಾಗಾದರೆ ಕಾರವಾರ ಯಾವಾಗ ಮುಟ್ಟುದು?"

ಪೆಟ್ಟಿಗೆಯೇ ಉತ್ತರ ಕೊಟ್ಟಿತು. "ಹೀಗೇ ಹೋದ್ರೆ ಆರನೇ ದಿನ. ನಡುಗಡಲಿನ ಹದಿನೈದು ನಿಮಿಷಾನ ಈ ಬುಟ್ಟಿ ಅಜ್ಜಿಗೆ ಕೊಟ್ಟಿದೀನಿ. ಪಾಪ, ಹತ್ತೋಕೆ ಹೊತ್ತಾಯ್ತು."

ಗಿರಿಜಾಂಬ ಕಾಫಿ ಲೋಟ ಕೆಳಗಿಟ್ಟರು. ಕಂಡಕ್ಟರನ ಜೊತೆ ಸಂಸಾರ ಮಾಡಿದವರಿಗೆ ಕಂಡಕ್ಟರನ ಮನಸ್ಸು ಗೊತ್ತಿರುವುದಿಲ್ಲವೇ? ಅವನಿಗೆ ಕರುಣೆ ಉಂಟು, ನಾಚಿಕೆ ಉಂಟು, ಹೆಂಡತಿಯ ಹೆದರಿಕೆಯೂ ಅಷ್ಟಿಷ್ಟು ಉಂಟು. ಆದರೆ ಅವನು ಇವುಗಳಲ್ಲಿ ಯಾವುದಕ್ಕೂ ಬಗ್ಗುವುದಿಲ್ಲ. ಅವನು ಬಗ್ಗುವುದು ಬಸ್ಸಿನ ಹಣೆಯ ಮೇಲಿನ ಬೋರ್ಡಿಗೆ.

ಊಟದ ಸಾಲೆಯ ಗೋಡೆಗೆ ದಿನದ ತಿಂಡಿ ಬರೆಯುವ ಕಪ್ಪು ಹಲಗೆಯೊಂದಿತ್ತು. ಗಿರಿಜಾಂಬ ಎದ್ದು ಹೋಗಿ, ಇಡ್ಲಿ ವಡೆಯನ್ನೆಲ್ಲ ಕರವಸ್ತ್ರದಿಂದ ಒರೆಸಿ, ಸೀಮೆಸುಣ್ಣ ಎತ್ತಿಕೊಂಡು, ಕೊನೆಯ ಬೆಂಚಿಗೂ ಕಾಣುವಂಥ ದುಂಡು ಅಕ್ಷರದಲ್ಲಿ ಬರೆದರು:

ಮಂಗಳೂರು – ನಡುಗಡಲು – ಮಂಗಳೂರು
ತಡೆರಹಿತ

ಪೆಟ್ಟಿಗೆಯ ಗಾಜಿನ ಕಣ್ಣು ಆ ಕಡೆ ಹೊರಳಿತು. ಸ್ವಲ್ಪ ಹೊತ್ತು ಒಳಗೆ ಏನೋ ಗಿರಗಿರ ಅಂದಿತು. ಮತ್ತೆ ಮಾತಾಡಿದಾಗ ಅದರ ದನಿಯೇ ಬೇರೆಯಾಗಿತ್ತು. ಕರುಣೆ, ದಾಕ್ಷಿಣ್ಯ ಎಲ್ಲ ಬಿಟ್ಟ ದನಿ.

"ನಡುಗಡಲು ಅಂದ್ರೆ ಯಾವ ಸ್ಟಾಪು ಅಮ್ಮಾ?"

"ಯಾವ ಕಡೆ ನೋಡಿದ್ರೂ ದಡ ಕಾಣದ ಜಾಗ."

"ಸರಿ. ತಡೆರಹಿತ, ತಡೆರಹಿತ! ನಡುವೆ ಇಳಿಯೋರು ಈಗ್ಲೇ ಇಳ್ಕೊಳಿ. ಆಮೇಲೆ ನಮ್ಮಪ್ಪ ಕೈ ಅಡ್ಡ ಹಾಕಿದ್ರೂ ನಿಲ್ಸಲ್ಲ."

ಮೀನುಗಾರರು ಬಲೆ, ಬುಟ್ಟಿ, ಈಜುಕೊಳದ ಬಂಗುಡೆ ಎಲ್ಲವನ್ನೂ ಬಾಚಿಕೊಂಡು ತಂತಮ್ಮ ದೋಣಿಗೆ ಇಳಿದರು. ರೋಹಿದಾಸನ ಭಾವನೂ ಇಳಿದ. ರೋಹಿದಾಸ ಮಾತ್ರ ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುತ್ತಿದ್ದ.

"ರೈಟ್!"

ಹಡಗು ಮೂತಿಯನ್ನು ಪಡುವಣಕ್ಕೆ ತಿರುಗಿಸಿ, ಅಟ್ಟಿಸಿಕೊಂಡು ಬಂದವರ ಹಾಗೆ ಓಡಿತು.

*

ಮಧ್ಯಾಹ್ನದ ಹೊತ್ತಿಗೆ ಮನುಷ್ಯರ ಕಣ್ಣಿಗೆ ದಡ ಮರೆಯಾಯಿತು. ಆದರೆ ಹಡಗಿನ ರಡಾರಿಗೆ ಇನ್ನೂ ಕಾಣುತ್ತಿತ್ತು. "ಒಂದು ಚೂರು ಕಾಣ್ತಿದೆ ಅಮ್ಮಾ, ಸ್ವಲ್ಪ ತಡೀರಿ," ಎನ್ನುತ್ತ ಪೆಟ್ಟಿಗೆ ಇನ್ನೂ ಎರಡು ರಾತ್ರಿ ಒಂದು ಹಗಲು ಹಡಗನ್ನು ಓಡಿಸಿತು. ಅದು ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವ ಜಾತಿಯಲ್ಲ.

ಬೀದಿಯವರೆಲ್ಲ ಗಿರಿಜಾಂಬರನ್ನು ಸುತ್ತುವರಿದರು.

"ಟೀಚರಮ್ಮ, ಕೊಲ್ಲೂರು?" ಎಂದರು ಮರುಳಮ್ಮ.

"ಇಲ್ಲಿಂದಲೇ ಕೈ ಮುಗೀರಿ. ಮೂಡಗಡೆಗೆ."

"ನಮ್ಮ ಷಡ್ಡಕ ಹದಿನೆಂಟು ಎಲೆ ಹಾಕಿಸಿರ್ತಾನೆ," ಎಂದರು ಕಲ್ಲೇಶಪ್ಪ. "ಆ ಬೋರ್ಡ್ ಅಳಿಸಿ, ತಾಯಿ."

ಗಿರಿಜಾಂಬ ಬೋರ್ಡಿನ ಕೆಳಗೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. ಕಲ್ಲೇಶಪ್ಪನವರು ಆಕೆಯ ಕ್ಲಾಸಿನಲ್ಲಿ ಓದಿದವರೇನಲ್ಲ. ಆದರೂ ಯಾಕೋ ಎರಡು ಹೆಜ್ಜೆ ಹಿಂದೆ ಸರಿದರು.

ಪಾಪ, ರೋಹಿದಾಸನಿಗೂ ಅನ್ನದ ಋಣದ ಚಿಂತೆ. ಎರಡು ದಿನದ ಗೈಡ್ ಕೆಲಸ ಬಾಕಿ ಇತ್ತಲ್ಲ. ಮೈಕು ಹಿಡಿದು ಎಲ್ಲರನ್ನೂ ಮೇಲ್ಗಡೆಗೆ ಕರೆದೊಯ್ದ.

"ಹಾಂ, ನಿಮ್ಮ ಬಲಗಡೆ ನೋಡಿ. ಇಲ್ಲಿಂದ ಮುನ್ನೂರು ಕಿಲೋಮೀಟರ್ ಆಚೆ ಗೋಕರ್ಣ. ಅದರ ಆಚೆ ಕಾರವಾರದಲ್ಲಿ ನಿಮ್ಮ ಬಸ್ಸು ನಿಂತಿದೆ. ಡ್ರೈವರ್ ಮಲಗಿರ್ತಾನೆ. ಫೋಟೋ ತೆಗಿಯೋರು ತೆಗೀಬಹುದು."

ಎಲ್ಲರೂ ನೀರಿನ ಫೋಟೋ ತೆಗೆದರು. ಯಾಣದ ಬಂಡೆಗಳ ಬಗ್ಗೆ ಅವನು ಎಷ್ಟು ಚೆನ್ನಾಗಿ ಹೇಳಿದನೆಂದರೆ, ಮರುಳಮ್ಮ ಮೆಟ್ಟಿಲು ಹತ್ತಿದವರ ಹಾಗೆ ಮಂಡಿ ನೀವಿಕೊಂಡರು.

ನಾಲ್ಕನೆಯ ದಿನ ಬೆಳಗಾಗುವ ಹೊತ್ತಿಗೆ ಪೆಟ್ಟಿಗೆ ವಿಷಲ್ ಊದಿತು. "ನಡುಗಡಲು! ನಡುಗಡಲು! ನಿಲ್ಲಲ್ಲ, ತಿರುಗಿಸ್ತಾ ಇದೀವಿ, ಕೂತಲ್ಲೇ ನೋಡ್ಕೊಳಿ."

ಗಿರಿಜಾಂಬ ಮೇಲ್ಗಡೆ ಹೋಗಿ ಅಂಚಿನ ಕಟಾಂಜನ ಹಿಡಿದು ನಿಂತರು. ಹಡಗು ನಿಧಾನವಾಗಿ ಅರ್ಧ ಸುತ್ತು ತಿರುಗಿತು. ಆಕೆಯೂ ಅದರ ಜೊತೆ ತಿರುಗಿದರು. ಮೊದಲು ನೀರು. ಆಮೇಲೆ ನೀರು. ಅದರ ಆಚೆಗೂ ನೀರೇ. ಬಣ್ಣ ಮಾತ್ರ ಒಂದೊಂದು ಕಡೆ ಒಂದೊಂದು ಥರ. ಇಷ್ಟು ವರ್ಷ ಬೋರ್ಡಿನ ಮೇಲೆ ಅದನ್ನೆಲ್ಲ ಒಂದೇ ನೀಲಿಯಲ್ಲಿ ಬಳಿದುಬಿಟ್ಟಿದ್ದೆನಲ್ಲ ಅನ್ನಿಸಿತು. ಪಕ್ಕಕ್ಕೆ ಬಂದು ನಿಂತ ಷಡಕ್ಷರಪ್ಪ ಹೆಂಡತಿಯ ಮುಖ ನೋಡಿ, ತಾವೂ ನೀರಿನ ಕಡೆ ತಿರುಗಿದರು.

*

ಆರನೆಯ ದಿನ ಸಂಜೆ ಸರಿಯಾದ ವೇಳೆಗೆ ಹಡಗು ಮಂಗಳೂರು ಮುಟ್ಟಿತು.

"ಇಳೀರಿ ಇಳೀರಿ, ಹತ್ತು ನಿಮಿಷ ಅಷ್ಟೆ! ಮತ್ತೆ ಹೊರಡುತ್ತೆ," ಎಂದಿತು ಪೆಟ್ಟಿಗೆ.

ಎಲ್ಲರೂ ಬಿದ್ದು ಎದ್ದು ಇಳಿದರು. ರೋಹಿದಾಸ ಬಸ್ಸಿನ ಡ್ರೈವರನನ್ನು ಎಬ್ಬಿಸಬೇಕೆಂದು ಎಲ್ಲರಿಗಿಂತ ಮೊದಲು ಓಡಿದ. ಷಡಕ್ಷರಪ್ಪ ಕೆಳಗೆ ನಿಂತು ಹಳೆಯ ಅಭ್ಯಾಸದಿಂದ ತಮ್ಮದೂ ಸೇರಿಸಿ ತಲೆ ಎಣಿಸಿದರು. ಹದಿನೇಳು. ಮತ್ತೆ ಎಣಿಸಿದರು. ಆಮೇಲೆ ಮೇಲೆ ನೋಡಿದರು. ಗಿರಿಜಾಂಬ ಕಟಾಂಜನಕ್ಕೆ ಮೊಣಕೈ ಊರಿ ನಿಂತಿದ್ದರು.

"ಗಿರಿಜಾ, ಬೇಗ ಇಳಿಯೇ! ಬಿಟ್ಬಿಡುತ್ತೆ ಅದು!"

"ಬಿಡ್ಲಿ ಬಿಡಿ. ತಿರುಗೋವಾಗ ಅರ್ಧ ಸುತ್ತೇ ತಿರುಗಿದ್ದು. ಇನ್ನರ್ಧ ಸರಿಯಾಗಿ ನೋಡಿಲ್ಲ ನಾನು."

"ಮನೇಲಿ ಊಟಕ್ಕೆ?"

"ಕಲ್ಲೇಶಪ್ಪನೋರ ಷಡ್ಡಕರ ಮನೇಲಿ ಹದಿನೆಂಟು ಎಲೆ ಇವೆಯಂತಲ್ಲ."

ವಿಷಲ್ ಕೇಳಿಸಿತು. ಹಡಗು ದಡ ಬಿಟ್ಟಿತು. ಷಡಕ್ಷರಪ್ಪನವರು ಎರಡೂ ಕೈ ಮೇಲೆತ್ತಿ ಅಡ್ಡ ಹಾಕಿದರು. ಅವರೇ ಕಲಿಸಿದ ಪೆಟ್ಟಿಗೆ, ಅವರತ್ತ ತಿರುಗಿಯೂ ನೋಡಲಿಲ್ಲ.

ಕ್ಯಾಪ್ಟನ್ ಲೋಬೊ ಬಂದು ಗಿರಿಜಾಂಬರ ಪಕ್ಕದಲ್ಲಿ ನಿಂತರು. ಟೋಪಿ ಇನ್ನೂ ಕೈಯಲ್ಲೇ ಇತ್ತು.

"ಅಲ್ಲ ಟೀಚರ್, ಇದು ಇನ್ನು ಯಾವಾಗ ನಿಲ್ಲುದು ಅಂತ ನಿಮಗೆ ಏನಾದರೂ ಅಂದಾಜು ಉಂಟಾ?"

"ಬೋರ್ಡ್ ಅಳಿಸಿದ ದಿನ ನಿಲ್ಲುತ್ತೆ ಕ್ಯಾಪ್ಟನ್ರೆ," ಎಂದರು ಗಿರಿಜಾಂಬ, ಪಡುವಣದಿಂದ ಕಣ್ಣು ತೆಗೆಯದೆ. "ಆದ್ರೆ ನಿಮ್ಮ ಹಡಗಲ್ಲಿ ಒಂದು ಡಸ್ಟರೂ ಇದ್ದಂಗೆ ಕಾಣ್ಲಿಲ್ಲ."